ಕಲ್ಲಿನ ಮರೆಯ ಮರಿ

ಗಾಜಿನ ಮನೆಯ ಮಾಲಿ ಅಣ್ಣನವರಿಗೆ ನಮಸ್ಕಾರ.

ಪ್ರತಿ ಭಾನುವಾರ ಬಂದು ಜರೀಗಿಡಗಳ ಮುಂದೆ ಕೂರುತ್ತಿದ್ದ ಟೈಲರಮ್ಮ ನಾನು. ಈ ಪತ್ರದ ಪಕ್ಕದಲ್ಲಿರುವ ಕುಂಡ ನಿಮಗೇ. ಸುತ್ತಿರುವ ಒದ್ದೆ ಬಟ್ಟೆಯನ್ನು ನಿಧಾನವಾಗಿ ಬಿಚ್ಚಿ, ಎಲೆಗಳು ಎಳೆಯವು.

ಕಳೆದ ವರ್ಷ ಒಂದು ದಿನ "ಅಮ್ಮಾ, ಒಂದು ಟೀ ಕುಡಿದು ಬರ್ತೀನಿ, ಸ್ವಲ್ಪ ನೋಡ್ಕೊಳ್ಳಿ" ಎಂದು ನನ್ನನ್ನು ನಂಬಿ ಹೋದಿರಿ. ಮೂಲೆಯ ಹಳೆಯ ಜರೀಗಿಡದ ಬುಡದಲ್ಲಿ, ಕಲ್ಲಿನ ಮರೆಯಲ್ಲಿ, ಬೆರಳುದ್ದದ ಮರಿಯೊಂದು ಒಡೆದಿತ್ತು. ನೀವಿನ್ನೂ ಅದನ್ನು ಕಂಡಿರಲಿಲ್ಲ. ನನ್ನ ಚೀಲದಲ್ಲಿ ದಾರ ಕತ್ತರಿಸುವ ಕತ್ತರಿ ಇತ್ತು. ಮರಿಯನ್ನು ಬೇರುಸಮೇತ ಕತ್ತರಿಸಿ ಊಟದ ಡಬ್ಬಿಗೆ ಹಾಕಿಕೊಂಡೆ. ನೀವು ಬಂದಾಗ ಎಂದಿನಂತೆ ನಕ್ಕೆ.

ಕತ್ತರಿಸಿದ ಜಾಗದಿಂದಲೇ ಬುಡ ಕೊಳೆಯಿತು. ತಿಂಗಳೊಳಗೆ ಗಿಡ ಹೋಯಿತು. "ಮೂವತ್ತು ವರ್ಷ ಸಾಕಿದ್ದೆ, ನಾನೇ ನೀರು ಜಾಸ್ತಿ ಹಾಕಿ ಕೊಂದೆ ಅಮ್ಮಾ" ಎಂದು ನೀವು ಕಣ್ಣೊರೆಸಿಕೊಂಡಾಗ, "ಹೋಗ್ಲಿ ಬಿಡಿ ಅಣ್ಣಾ, ಎಂಥವರಿಗೂ ತಪ್ಪಾಗುತ್ತೆ" ಎಂದು ಸಮಾಧಾನ ಹೇಳಿದವಳು ನಾನು.

ಅಂದಿನಿಂದ ನೀವು ಪ್ರತಿ ಕುಂಡದ ಮಣ್ಣನ್ನೂ ಮೂರು ಸಲ ಮುಟ್ಟಿ ನೋಡಿ, ಅಳುಕುತ್ತಾ ನೀರು ಚಿಮುಕಿಸುತ್ತಿದ್ದಿರಿ. ನೀರು ಸಾಲದೆ ಉಳಿದ ಗಿಡಗಳ ಎಲೆಯಂಚು ಒಣಗುತ್ತಿತ್ತು. ನೋಡಲಾಗದೆ ಎರಡು ತಿಂಗಳಿಂದ ಬರುವುದನ್ನೇ ಬಿಟ್ಟೆ.

ಕುಂಡದಲ್ಲಿರುವುದು ಅದೇ ಮರಿ. ಹಳೆಯ ಜಾಗದಲ್ಲೇ ನೆಡಿ. ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ ಚೆನ್ನಾಗಿಯೇ ಬೆಳೆದಿದೆ. ನೀವು ಮೊದಲು ಹಾಕುತ್ತಿದ್ದಷ್ಟೇ ನೀರು ಹಾಕಿದ್ದೇನೆ ಅಣ್ಣಾ, ಒಂದು ತೊಟ್ಟೂ ಕಡಿಮೆ ಮಾಡಿಲ್ಲ.

ಇಂತಿ,
ನಿಮಗೆ ಮುಖ ತೋರಿಸಲಾರದ
ಟೈಲರಮ್ಮ