ಇದೆಯೋ ಇಲ್ಲವೋ ನೋಡದೆ

ಗುರುಬಸು,

ನಿನ್ನ ಮೇಲೆ ಕೆಟ್ಟ ಸಿಟ್ಟು ಬಂದಿದೆ. ನೀನು ಬರೆದಿಟ್ಟ ನೆಟ್‌ವರ್ಕ್ ಡ್ರೈವರ್ ಪ್ರೋಗ್ರಾಮನ್ನು ಇವತ್ತು ಒಂದೊಂದೇ ಸಾಲು ಓದಿದೆ. ಬನಹಟ್ಟಿಯ ಮಗ್ಗಗಳಿಂದ ಕಂಪ್ಯೂಟರಿಗೆ ಬರುವ ಪ್ರತಿ ಸಂದೇಶಕ್ಕೂ ಮೆಮೊರಿ ತೆಗೆದುಕೊಂಡಿದ್ದೀಯ, ಒಮ್ಮೆಯೂ ವಾಪಸು ಕೊಟ್ಟಿಲ್ಲ. ಮಧ್ಯಾಹ್ನದೊಳಗೆ ಎಲ್ಲ ಖಾಲಿ. ಆಮೇಲೆ ಸಿಗುವುದು ನಲ್ ಪಾಯಿಂಟರ್, ಅಂದರೆ ಯಾರೂ ಇಲ್ಲದ ವಿಳಾಸ. ಅದನ್ನೂ ನೋಡದೆ ಅಲ್ಲಿಗೇ ಬರೆಯಲು ಹೋಗುತ್ತೀಯ. ಅಲ್ಲಿಗೆ ಎಲ್ಲವೂ ನಿಂತುಬಿಡುತ್ತದೆ.

ಮಗ್ಗದ ಮಾಲೀಕ ಮಹಾಲಿಂಗಪ್ಪ ಆಫೀಸಿಗೇ ಬಂದು ಕೂಗಾಡಿದರು. "ದಿನಾ ಊಟದ ಹೊತ್ತಿಗೆ ಸಾಯ್ತೈತಲ್ರೀ ನಿಮ್ಮ ಕಂಪ್ಯೂಟರ್ ಡಬ್ಬಿ!"

ನೇಕಾರರ ಮನೆಯವನು ನೀನು. ಎಳೆ ಹರಿದದ್ದನ್ನು ಗಮನಿಸದೆ ನಾನು ನಿಮ್ಮ ಮಗ್ಗ ಚಾಲೂ ಮಾಡಿದಾಗ "ಕಣ್ಣ ಎಲ್ಲಿಟ್ಟಿದ್ದಿ ಬೇ ನಂದಾ?" ಎಂದು ಹಾರಾಡಿದವನು ನೀನು. ಈಗ ಹೇಳು, ನಿನ್ನ ಕಣ್ಣು ಎಲ್ಲಿತ್ತು? ನಿನಗೆ ಎದೆ ನೋಯುತ್ತಿದ್ದಾಗಲೂ ಹೀಗೆಯೇ, ಡಾಕ್ಟರಿಗೆ ತೋರಿಸು ಎಂದು ನಾನು ಹೇಳಿದರೆ "ಏನೂ ಆಗಿಲ್ಲ ಬಿಡ" ಎಂದೆ.

ತಪ್ಪನ್ನು ತಿದ್ದಿದೆ. ಮಗ್ಗಗಳು ಸಂಜೆಯವರೆಗೂ ಓಡಿದವು. ಸಿಟ್ಟು ಮಾತ್ರ ಇಳಿಯಲಿಲ್ಲ. "ಬಾ ಇಲ್ಲಿ, ನೋಡಲೇ ನಿನ್ನ ಘನಂದಾರಿ ಕೆಲಸಾ!" ಎಂದು, ನೋಡದೆಯೇ, ನೀನು ಹೋದಾಗಿನಿಂದ ಖಾಲಿಯಿರುವ ನಿನ್ನ ಕುರ್ಚಿಯ ಕಡೆಗೆ ಪರದೆ ತಿರುಗಿಸಿದೆ.