ಹಾಲಿನ ಕ್ಯಾನಿನ ಮೇಲೆ ಕೈಯಿಟ್ಟು ಕೊಟ್ಟ ಮಾತು

ತಾಲ್ಲೂಕಿನ ಮತದಾನವನ್ನು ಯಶಸ್ವಿಗೊಳಿಸಿದ ಮಾನ್ಯ ಅಧಿಕಾರಿಗಳೇ,

ಬೂದಿಕೋಟೆ ಹೋಬಳಿಯ ನಮ್ಮ ಹಳ್ಳಿಗೆ ತಾವು ಮರಳಿ ಕೊಡಿಸಿದ ಬೆಳಗಿನ ಏಳು ಗಂಟೆಯ ಬಸ್ಸು ಒಂಬತ್ತು ದಿನ ಓಡಿತು. ಹತ್ತನೆಯ ದಿನ ಮತದಾನ. ಹನ್ನೊಂದನೆಯ ದಿನದಿಂದ ಬಸ್ಸಿಲ್ಲ. ಇಷ್ಟು ಕರಾರುವಾಕ್ಕಾದ ವೇಳಾಪಟ್ಟಿಯನ್ನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ.

ಬಸ್ಸು ಬಾರದೆ ಮತವಿಲ್ಲವೆಂದು ಊರು ಪಟ್ಟು ಹಿಡಿದಾಗ ತಾವು ಊರಿನವರ ಬಳಿಗೆ ಹೋಗಲಿಲ್ಲ; ನನ್ನ ಜಗಲಿಗೆ ಬಂದಿರಿ. "ಮೇಷ್ಟ್ರೇ, ನನ್ನ ಮಾತು ಜನ ನಂಬಲ್ಲ, ನಿಮ್ಮದಾದ್ರೆ ನಂಬ್ತಾರೆ" ಎಂದಿರಿ. ಆ ದಿನ ತಾವು ಆಡಿದ ಏಕೈಕ ಸತ್ಯ ಅದು. ಹೊಗಳಿಕೆಗೆ ಬೀಳದ ಮೇಷ್ಟರನ್ನು ಯಾವ ತರಬೇತಿ ಸಂಸ್ಥೆಯೂ ಇನ್ನೂ ತಯಾರಿಸಿಲ್ಲ. ಉರಿಗಾಂನಲ್ಲಿ ಮೂವತ್ತೊಂದು ವರ್ಷ ಗಣಿ ಕಾರ್ಮಿಕರ ಮಕ್ಕಳಿಗೆ ಪಾಠ ಹೇಳಿದ ನಾನು, ಗಾಡಿಗಟ್ಟಲೆ ಕಲ್ಲು ಅರೆದರೆ ಚಿಟಿಕೆ ಚಿನ್ನವೆಂಬುದನ್ನು ಬಲ್ಲೆ. ಬಸ್ಸು ಇನ್ನು ಖಾಯಂ ಎಂಬ ತಮ್ಮ ಮಾತನ್ನು ಮಾತ್ರ ಅರೆಯದೆಯೇ ಚಿನ್ನವೆಂದುಕೊಂಡೆ.

ನಮ್ಮೂರಲ್ಲಿ ಪತ್ರಕ್ಕೆ ಬೆಲೆಯಿಲ್ಲ. ಡೇರಿಯಲ್ಲಿ ತುಂಬಿದ ಹಾಲಿನ ಕ್ಯಾನಿನ ಮೇಲೆ ಕೈಯಿಟ್ಟು ಹೇಳಿದ್ದೇ ಮಾತು. ಆಣೆ ಪ್ರಮಾಣಗಳನ್ನು ತರಗತಿಯಲ್ಲಿ ಮೌಢ್ಯವೆಂದು ಖಂಡಿಸುತ್ತಿದ್ದವನು, ಮರುದಿನ ಬೆಳಿಗ್ಗೆ ಆರಕ್ಕೆ ಎಲ್ಲರೆದುರು ಕೈಯಿಟ್ಟೆ. ಮತದಾನದ ನಂತರವೂ ಬಸ್ಸು ನಿಲ್ಲದು ಎಂದೆ. ಊರು ಸಾಲಾಗಿ ಹೋಗಿ ಮತ ಹಾಕಿತು. ತಮಗೆ ಪ್ರಶಂಸಾಪತ್ರ ಬಂದುದನ್ನು ಪತ್ರಿಕೆಯಲ್ಲಿ ಓದಿದೆ. ಅಭಿನಂದನೆಗಳು.

ಈಗ ಡೇರಿಗೆ ಹಾಲು ಹಾಕುವ ನಮ್ಮೂರ ಮಂಗಮ್ಮನ ಮೊಮ್ಮಗಳು ಸಹನ ನಾಲ್ಕು ಕಿಲೋಮೀಟರ್ ನಡೆದು, ಮುಖ್ಯರಸ್ತೆಯಲ್ಲಿ ಬಸ್ಸು ಹಿಡಿದು ಬಂಗಾರಪೇಟೆಯ ಕಾಲೇಜು ಸೇರುವಷ್ಟರಲ್ಲಿ ಎರಡು ಪಾಠಗಳು ಮುಗಿದಿರುತ್ತವೆ. ಇನ್ನು ಆರು ದಿನ ತಡವಾದರೆ ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಮೊನ್ನೆ ಡೇರಿಯ ಸಾಲಿನಲ್ಲಿ ಮಂಗಮ್ಮ ಕೇಳಿದಳು: "ಏನ್ ಮೇಷ್ಟ್ರೇ, ನಿಮ್ ಮಾತ್ಗೂ ನೀರ್ ಬೆರ್ಸ್‌ಬುಟ್ರಾ?"

ಹಿಂದಿದ್ದ ಮುನಿಸ್ವಾಮಪ್ಪ, "ಸುಮ್ಕಿರಮ್ಮೋ, ಅವ್ರುನ್ನ ನಂಬಿ ಸಾಲಾಗ್ ಓಗಿ ಓಟಾಕ್ದೋರು ನಾವೇ ಅಲ್ವಾ?" ಎಂದು ನಕ್ಕ. ಮತ್ತಾರೂ ನನ್ನತ್ತ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಧಿಕಾರದ ಸುಳ್ಳನ್ನು ಜನ ಬಿಸಿಲಿನಂತೆ ಸಹಿಸುತ್ತಾರೆ. ಆ ಸುಳ್ಳಿಗೆ ಜಾಮೀನು ನಿಂತವನನ್ನು ಸಹಿಸುವುದಿಲ್ಲ. ಅವರದೇ ಸರಿ. ನಮ್ಮಲ್ಲಿ ಹಾಲಿಗೆ ದಿನಕ್ಕೆರಡು ಬಾರಿ ಪರೀಕ್ಷೆ, ಆಳುವವರಿಗೆ ಐದು ವರ್ಷಕ್ಕೊಮ್ಮೆ. ತಮ್ಮಂಥವರಿಗೋ, ನೌಕರಿಗೆ ಸೇರುವಾಗ ಒಂದೇ ಸಲ. ಹೀಗಿರುವಾಗ ಯಾವುದರಲ್ಲಿ ನೀರು ಹೆಚ್ಚೆಂದು ನಾನು ಹೇಳಬೇಕೆ?

ಸೋಮವಾರ ಬೆಳಿಗ್ಗೆ ಏಳಕ್ಕೆ ಬಸ್ಸು ಬರಲಿ. ಇಲ್ಲವೇ ಆರಕ್ಕೆ ತಾವೇ ಡೇರಿಗೆ ಬಂದು, ಕ್ಯಾನಿನ ಮೇಲೆ ಕೈಯಿಟ್ಟು, ನೀರು ಬೆರೆಸಿದವರು ಯಾರೆಂದು ಮಂಗಮ್ಮನಿಗೆ ಹೇಳಿ. ಎರಡರಲ್ಲಿ ಒಂದೇ ಸಾಧ್ಯವೆಂದಾದರೆ ಬಸ್ಸನ್ನೇ ಕಳುಹಿಸಿ. ನನ್ನ ಮಾನ ಕಾದೀತು. ಆ ಹುಡುಗಿಯ ಪರೀಕ್ಷೆ ಕಾಯದು.

ಇಂತಿ,
ಒಂಬತ್ತು ದಿನದ ಬಸ್ಸಿಗೆ ಮೂವತ್ತೊಂದು ವರ್ಷದ ಮಾತನ್ನು ಟಿಕೆಟ್ಟಾಗಿ ಕೊಟ್ಟ
ಆದಿನಾರಾಯಣ, ನಿವೃತ್ತ ಶಿಕ್ಷಕ