ಮುಂದಿನ ಎಡಚಕ್ರ

ಮಾರ್ಚ್ 3, 2025, ಸೋಮವಾರ. ಬೆಳಿಗ್ಗೆ 5.40

ಗಾಡಿ ಹೊರಟಿತು. ಟ್ರೇ 160. ಎಲ್ಲ ಎರಡನೇ ಜ್ವರದಲ್ಲಿ, ಅಂದರೆ ಪೊರೆ ಬಿಡುವ ನಿದ್ದೆಯಲ್ಲಿ, ಮಲಗಿರುವ ರೇಷ್ಮೆ ಮರಿಹುಳು. ಬಿಸಿಲೇರುವ ಮುಂಚೆ ಗೌರಿಬಿದನೂರು ಕಡೆಯ ರೈತರ ಮನೆ ಸೇರಬೇಕು. ಎಲೆಕ್ಟ್ರಿಕ್ ಗಾಡಿ, ಬ್ಯಾಟರಿ ಚಾರ್ಜ್ ಶೇಕಡಾ 100.

ನಿನ್ನೆ ಸಂಜೆ ನಾನೇ ನಿಂತು ಪಿಕಪ್‌ಗೆ ಬ್ಲೀಚಿಂಗ್ ನೀರು ಹೊಡೆಸಿದೆ. ಒಳಗೆ, ಹೊರಗೆ, ತಳಕ್ಕೆ, ನಾಲ್ಕೂ ಚಕ್ರಕ್ಕೆ. ಪ್ರತಿ ಟ್ರಿಪ್ ಆದ ಮೇಲೂ ಹೀಗೇ. ಹತ್ತು ಹಳ್ಳಿ ಸುತ್ತಿ ಬರುವ ಗಾಡಿ, ಯಾರ ಮನೆಯ ಹುಳುವಿನ ಹಾಲುತೊಂಡೆ ರೋಗ ಚಕ್ರಕ್ಕೆ ಅಂಟಿಕೊಂಡು ಬರುತ್ತೋ ಯಾರಿಗೆ ಗೊತ್ತು. ಮರಿಹುಳು ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರ ಅಂದ ಮೇಲೆ ಇದರಲ್ಲಿ ರಾಜಿ ಇಲ್ಲ. ಗಾಡಿ ಓಡಿಸುವ ಅಣ್ಣ ಟವೆಲ್ಲು ಮೂಗಿಗೆ ಕಟ್ಟಿಕೊಂಡು, "ಗಾಡಿಗೂ ಮಡಿನಾ ತನೂ?" ಅಂದ. ನಗಲಿಲ್ಲ ನಾನು. ಕೆಲಸದ ಹೊತ್ತಲ್ಲಿ ಅವನ ತಮಾಷೆಗೆ ನಕ್ಕರೆ ಆಮೇಲೆ ಹಿಡಿಯೋಕಾಗಲ್ಲ.

ಮಧ್ಯಾಹ್ನ 1.15

ಅಣ್ಣ ಬಂದ. 120 ಕಿ.ಮೀ. ಉಳಿದ ಚಾರ್ಜ್ 29. ಜನವರಿಯಲ್ಲಿ ಇದೇ ರೂಟಿಗೆ 40 ಉಳಿಯುತ್ತಿತ್ತು. ಬೇಸಿಗೆ ಶುರುವಾಯಿತಲ್ಲ, ಹುಳುವಿಗೆ ಹಾಕುವ ಎಸಿ ಇರಬಹುದು.

ಮಾರ್ಚ್ 12, ಬುಧವಾರ

24. ಎಸಿ ಕಡಿಮೆ ಮಾಡಿಸಿದ್ದೆ. ಆದರೂ 24.

ಟೈರ್ ಗಾಳಿ ಐದೈದು ಪೌಂಡ್ ಕಡಿಮೆ ಇತ್ತು, ತುಂಬಿಸಿದೆ. ಮೇಲಿನ ಕ್ಯಾರಿಯರ್ ಬಿಚ್ಚಿಸಿದೆ, ಗಾಳಿಗೆ ತಡೆ ಅಂತ. ವೀಲ್ ಅಲೈನ್‌ಮೆಂಟ್ ಆಯಿತು. ವಿಚಿತ್ರ ಅಂದರೆ ಶಿಡ್ಲಘಟ್ಟದ ಒಳಗೆ ಓಡಾಡಿದರೆ ಇಷ್ಟು ಗೊತ್ತಾಗಲ್ಲ. ಹೈವೇಗೆ ಬಿದ್ದರೆ ಸೋರಿಹೋಗುತ್ತೆ. ಅರವತ್ತು ದಾಟಬೇಡ ಅಂದೆ ಅಣ್ಣನಿಗೆ.

"ಐವತ್ತೈದ್ರಲ್ಲೇ ಹೋಗ್ತಿದೀನಿ ಕಣಮ್ಮ. ಹಿಂದಿಂದ ಟ್ರ್ಯಾಕ್ಟ್ರೋನು ಹಾರ್ನ್ ಹೊಡೀತಾನೆ. ಗಾಡಿ ಎಳ್ಕೊಂಡು ಹೋಗಲ್ಲ, ಯಾರೋ ಹಿಂದೆ ಹಿಡ್ಕೊಂಡಂಗಿದೆ."

ಮಾರ್ಚ್ 21, ಶುಕ್ರವಾರ

19. ಕಂಪನಿಯ ಸರ್ವಿಸ್ ಸೆಂಟರಿಗೆ ಅಣ್ಣನ ಜೊತೆ ನಾನೇ ಹೋದೆ. ಲ್ಯಾಪ್‌ಟಾಪ್ ಸಿಕ್ಕಿಸಿದರು. ಬ್ಯಾಟರಿ ಆರೋಗ್ಯ 97. ಮೋಟರ್ ಓಕೆ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಗಾಡಿ ತೊಳೆದು ಕೊಟ್ಟರು. ತೊಳೆಯೋಕೆ ಇಷ್ಟು ದೂರ ಬರಬೇಕಿತ್ತಾ. ಹಾಗಾದರೆ ಯಾಕೆ ಹೀಗೆ ಅಂತ ಬಿಡದೆ ಕೇಳಿದೆ. ಟೈ ಕಟ್ಟಿದ ಹುಡುಗ ಗೇಟಿನ ಹತ್ತಿರ ನಿಂತಿದ್ದ ಅಣ್ಣನ ಕಡೆ ಒಂದು ಸಲ ನೋಡಿ, "ಡ್ರೈವಿಂಗ್ ಸ್ಟೈಲ್ ಮೇಡಂ... ಗಾಡಿ ನಿಲ್ಸಿ ಎಸಿ ಹಾಕ್ಕೊಂಡು ಮಲಗ್ತಾರೆ ಕೆಲವ್ರು" ಅಂದ.

ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ.

ಅಣ್ಣ ಕುಡಿತ ಬಿಟ್ಟು ಎರಡು ವರ್ಷ ನಾಲ್ಕು ತಿಂಗಳು. ಆಗ ಚಿಕ್ಕಬಳ್ಳಾಪುರದ ಡಾಕ್ಟರು ನನ್ನನ್ನೂ ಅನಸೂಯಮ್ಮ ಅತ್ತಿಗೆಯನ್ನೂ ಕೂರಿಸಿಕೊಂಡು ಹೇಳಿದ್ದರು, ಲಿವರ್ ಇನ್ನೊಂದು ಸಲ ತಡೆಯಲ್ಲ, ಮತ್ತೆ ಶುರು ಮಾಡಿದರೆ ನನ್ನ ಹತ್ತಿರ ಕರೆದುಕೊಂಡು ಬರಬೇಡಿ ಅಂತ. ಈ ಡ್ರೈವರ್ ಕೆಲಸ ಕೊಟ್ಟಿದ್ದೇ ಅವನು ಬೆಳಿಗ್ಗೆ ಐದಕ್ಕೆ ಏಳಲೇಬೇಕು ಅಂತ. ಅನುಮಾನ ಪಡಬಾರದು. ಪಡುತ್ತಿಲ್ಲ. ಬರೀ ಬರೆದಿಡುತ್ತಿದ್ದೇನೆ.

ಏಪ್ರಿಲ್ 2, ಬುಧವಾರ

14.

ಫೋನಿನ ಆ್ಯಪಿನಲ್ಲಿ ನೋಡಿದೆ. ಬರುವಾಗ ಅಲೀಪುರ ದಾಟಿ ಗಾಡಿ 38 ನಿಮಿಷ ನಿಂತಿದೆ. ಹೋದ ಟ್ರಿಪ್ಪಲ್ಲೂ ಅಲ್ಲೇ, 25 ನಿಮಿಷ. ಯಾಕೆ ಅಂತ ಕೇಳಿದೆ.

"ಮುಂದಿನ್ ಎಡಚಕ್ರ ಕಾದೋಗುತ್ತೆ ತನೂ. ನೀರು ಹಾಕಿದ್ರೆ ಚುಂಯ್ ಅನ್ನುತ್ತೆ. ಆರೋವರ್ಗೂ ಟೀ ಕುಡ್ಕೊಂಡು ಕೂತ್ಕೋತೀನಿ. ಸುಟ್ಟ ವಾಸನೆ ಬೇರೆ. ಬಾ, ಮುಟ್ಟಿ ನೋಡು."

ಕೈ ಮೊಣಕೈವರೆಗೂ ಬ್ಲೀಚಿಂಗ್ ನೀರಲ್ಲಿತ್ತು. ಟ್ರೇ ತೊಳೆಯುತ್ತಿದ್ದೆ. ಕೂತಲ್ಲಿಂದಲೇ ಮೂಸಿದೆ, ಬ್ಲೀಚಿಂಗ್ ಬಿಟ್ಟು ಬೇರೆ ವಾಸನೆ ಇಲ್ಲ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಬ್ರೇಕಿಗೆ ಕೆಲಸವೇ ಕಡಿಮೆ ಮೇಡಂ, ಕಾಲು ತೆಗೆದರೆ ಮೋಟರೇ ತಡೆಯುತ್ತೆ, ಚಕ್ರ ಕಾಯೋ ಚಾನ್ಸೇ ಇಲ್ಲ, ಅಂದರು.

ಹಾಗಾದರೆ ಅಣ್ಣ ಸುಳ್ಳು ಹೇಳುತ್ತಿದ್ದಾನೆ.

ಏಪ್ರಿಲ್ 10, ಗುರುವಾರ. ಸಂಜೆ

ಇದನ್ನೂ ಬರೀತೀನಿ.

ಗೌರಿಬಿದನೂರಿನಾಚೆ ಕುಡುಮಲಕುಂಟೆ ಫ್ಯಾಕ್ಟರಿಗಳನ್ನು ದಾಟಿದ ಮೇಲೆ, ಹೋಗುವಾಗಲೇ, ಚಾರ್ಜ್ ಮುಗಿದು ಗಾಡಿ ನಿಂತಿದೆ. ಮೊದಲೇ ಮೂರು ಕಡೆ ನಿಲ್ಲಿಸಿ ನಿಲ್ಲಿಸಿ ಹೋಗಿದ್ದಾನೆ. ಎಸಿ ಇಲ್ಲ. ಬಿಸಿಲು. ಹುಳು ಟ್ರೇಯಲ್ಲೇ ಬೆಂದಿವೆ. ಅಲ್ಲಿನ ರೈತ ಮುನಿಶಾಮಪ್ಪನವರ ಟ್ರ್ಯಾಕ್ಟರ್ ಎಳೆದುಕೊಂಡು ಬಂದು ಅವರ ಅಂಗಳದಲ್ಲಿ ನಿಲ್ಲಿಸಿತ್ತು. ನಾನು ಸ್ಕೂಟರಲ್ಲಿ ಹೋಗಿ ತಲುಪಿದಾಗ ಹನ್ನೊಂದು. ಹದಿನಾಲ್ಕು ಜನ ರೈತರು ಕಾಯುತ್ತಾ ನಿಂತಿದ್ದರು, ಸೊಪ್ಪು ಕೊಯ್ದಿಟ್ಟುಕೊಂಡು. ಒಂದು ಟ್ರೇ ಮೇಲಿನ ಕಾಗದ ಎತ್ತಿದೆ. ಮುಟ್ಟಿದರೆ ಹುಳು ಮೆತ್ತಗೆ, ಕಪ್ಪಗಾಗಿದ್ದವು.

ಒಬ್ಬರು ಅಂದರು: "ನಿಮ್ಮಣ್ಣ ದಾರೀಲಿ ಎಲ್ಲೆಲ್ಲಿ ನಿಲ್ಲಿಸ್ದ ಕೇಳಮ್ಮ."

ನನಗೆ ಏನಾಯಿತೋ. ಸೀದಾ ಅವನ ಮುಂದೆ ಹೋಗಿ ನಿಂತು, "ಬಾಯಿ ತೆಗಿ" ಅಂದೆ. ಎಲ್ಲರ ಎದುರಿಗೆ. ನನಗಿಂತ ಒಂಬತ್ತು ವರ್ಷ ದೊಡ್ಡವನು. ನನ್ನನ್ನು ಎಂ.ಎಸ್ಸಿ ಓದಿಸಿದವನು. ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಬಾಯಿ ತೆಗೆದ.

ಮೂಸಿದೆ. ಏನೂ ಇರಲಿಲ್ಲ.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಬ್ಲೀಚಿಂಗ್ ಕುಡಿದ ಮೂಗು ನನ್ನದು, ಇದಕ್ಕೇನು ಗೊತ್ತಾಗುತ್ತೆ ಅಂದುಕೊಂಡು "ಕೀ ಕೊಡು" ಅಂದೆ. ಕೊಟ್ಟ. ಬಸ್ ಸ್ಟಾಪ್ ಕಡೆ ನಡೆದುಕೊಂಡು ಹೋದ. ಹಿಂದೆ ಯಾರೋ ನಕ್ಕರು.

ಏಪ್ರಿಲ್ 14, ಸೋಮವಾರ

ಅಂಬೇಡ್ಕರ್ ಜಯಂತಿ. ಮೆರವಣಿಗೆಯಲ್ಲಿ ಪ್ರತಿ ವರ್ಷ ನೀಲಿ ಬಾವುಟ ಹಿಡಿದು ಮುಂದೆ ಇರುವವನು ಅಣ್ಣ. ಈ ಸಲ ಬೇರೆ ಯಾರೋ ಹಿಡಿದಿದ್ದರು. ಅತ್ತಿಗೆ ಬಂದಿದ್ದರು. ನನ್ನನ್ನು ಕಂಡು ರಸ್ತೆಯ ಆ ಬದಿಗೆ ಹೋದರು.

ಏಪ್ರಿಲ್ 25, ಶುಕ್ರವಾರ

ಹೊಸ ಡ್ರೈವರ್, ಹರಿಕೃಷ್ಣ. ಮೊದಲ ಟ್ರಿಪ್. ಮನುಷ್ಯ ಬೀಡಿ ಕೂಡ ಸೇದಲ್ಲ. ನಾನೂ ಪಕ್ಕದಲ್ಲಿ ಕೂತು ಹೋದೆ. ಐವತ್ತು ದಾಟಲಿಲ್ಲ. ಎಲ್ಲೂ ಮಲಗಲಿಲ್ಲ. ಆದರೂ ಗೌರಿಬಿದನೂರು ಸೇರುವಾಗಲೇ ಚಾರ್ಜ್ 18ಕ್ಕೆ ಇಳಿದಿತ್ತು, ಒಟ್ಟು ದಾರಿಯಲ್ಲಿ ಅರ್ಧವೂ ಮುಗಿದಿರಲಿಲ್ಲ. ಚಾರ್ಜಿಂಗ್ ಪಾಯಿಂಟ್ ಹುಡುಕಿ ಒಂದು ಗಂಟೆ ಹಾಕಿಸಿದ್ದರಿಂದ ಹುಳು ಉಳಿದವು.

ಬರುವಾಗ ಹರಿಕೃಷ್ಣ, "ಅಕ್ಕಾ, ಏನೋ ಸುಟ್ಟಂಗಿಲ್ವಾ?" ಅಂದರು.

ನಿಲ್ಲಿಸಿ ಇಳಿದೆ. ಮುಂದಿನ ಎಡಚಕ್ರದ ಹತ್ತಿರ ಕೈ ಒಯ್ದೆ. ಮುಟ್ಟಬೇಕಾಗಿಯೂ ಇರಲಿಲ್ಲ, ಕಾವು ಗೇಣು ದೂರದಿಂದಲೇ ಬಡಿಯಿತು.

ಹರಿಕೃಷ್ಣ ನೀರಿನ ಬಾಟಲಿ ಕೊಟ್ಟರು. ಕುಡಿಯಲಿಕ್ಕೆ ಅಂದುಕೊಂಡಿದ್ದರು, ನಾನು ಚಕ್ರಕ್ಕೆ ಹಾಕಿದೆ. ಚುಂಯ್ ಅಂತು.

ಏಪ್ರಿಲ್ 26, ಶನಿವಾರ

ಚಿಂತಾಮಣಿಯ ಕೆಂಪರಾಜು. ಬ್ರೇಕ್ ಕೆಲಸಕ್ಕೆ ಹೆಸರಾದವರು. ಜಾಕ್ ಹಾಕಿ ಎತ್ತಿದರು. ಬಲಚಕ್ರ ಕೈಯಲ್ಲಿ ತಿರುಗಿಸಿದರೆ ಸುಮಾರು ಹೊತ್ತು ತಿರುಗಿತು. ಎಡಚಕ್ರಕ್ಕೆ ಇಬ್ಬರು ಕೈ ಹಾಕಬೇಕಾಯಿತು.

ಬಿಚ್ಚಿದರು. ಬ್ರೇಕ್ ಪ್ಯಾಡ್ ಹಿಡಿದುಕೊಳ್ಳುವ ಭಾಗ ಹಿಂದೆ ಮುಂದೆ ಜಾರಬೇಕಂತೆ, ಅದರ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿದೆ. ಮೇಲೆಲ್ಲ ಬೆಳ್ಳಗೆ ಪುಡಿ. ಬೆರಳಲ್ಲಿ ಕೆರೆದು ಮೂಸಿದರು.

"ಏನಮ್ಮ ಇದು? ಬ್ಲೀಚಿಂಗ್ ಪೌಡ್ರಾ? ಗಾಡಿಗ್ಯಾರಮ್ಮ ಬ್ಲೀಚಿಂಗ್ ಹಾಕ್ತಾರೆ? ಕಬ್ಣ ತಿಂದಾಕ್ಬಿಡುತ್ತೆ."

ಚಾಕಿ ಕೇಂದ್ರ, ರೋಗ ಬರಬಾರದು, ಅದಕ್ಕೆ... ಅಂದೆ.

"ಡೀಸೆಲ್ ಗಾಡಿ ಆಗಿದ್ರೆ ದಿನಾ ಬ್ರೇಕ್ ತುಳ್ದು ತುಳ್ದು ಸ್ವಲ್ಪನಾದ್ರೂ ಬಿಟ್ಕೋತಿತ್ತು. ಇದ್ರಲ್ಲಿ ಬ್ರೇಕೇ ತುಳಿಯಲ್ವಲ್ಲ, ಕೂತಲ್ಲೇ ಕಚ್ಕೊಂಡೈತೆ. ಬ್ರೇಕ್ ಹಿಡ್ಕೊಂಡೇ ಅಷ್ಟು ದೂರ ಎಳೀತಿದೆ ಪಾಪ. ಚಾರ್ಜ್ ಎಲ್ಲಿ ನಿಲ್ಲುತ್ತೆ? ಓಡ್ಸೋರು ಹೇಳ್ಲಿಲ್ವಾ ನಿಮ್ಗೆ?"

ಹೇಳಿದ್ದರು ಅಂದೆ.

ಏಪ್ರಿಲ್ 27, ಭಾನುವಾರ

ಅಣ್ಣನ ಮನೆಗೆ ಹೋದೆ. ಬಾಗಿಲಲ್ಲೇ ಅತ್ತಿಗೆ. ಒಳಗೆ ಕರೆಯಲಿಲ್ಲ.

"ಅವತ್ತು ಗೌರಿಬಿದನೂರಿಂದ ಬಂದೋರು ಮನೆಗ್ ಬರ್ಲಿಲ್ಲ ತನುಜ. ಸೀದಾ ಬ್ರಾಂದಿ ಅಂಗಡಿಗ್ ಹೋದ್ರು. ಹೆಂಗೂ ಕುಡ್ದೋನು ಅನ್ನಿಸ್ಕೊಂಡಾಯ್ತು ಅಂದ್ರು. ಇವತ್ತಿಗೆ ಹದಿನೇಳ್ ದಿನ. ಅನ್ನಾನೇ ಮುಟ್ತಿಲ್ಲ."

ಕಿಟಕಿಯ ಹತ್ತಿರ ಹೋಗಿ, ಅಣ್ಣ, ಬ್ರೇಕು ಕಚ್ಚಿಕೊಂಡಿತ್ತು, ತಪ್ಪು ನನ್ನದು, ಅಂತ ಕೂಗಿ ಹೇಳಿದೆ. ಎದ್ದು ಬಂದು ಕಿಟಕಿ ಹಾಕಿಕೊಂಡ. ಬೀದಿಯಲ್ಲಿ ನಿಂತು ಅತ್ತೆ. ಯಾರು ನೋಡಿದರೂ ನೋಡಲಿ.

ಮೇ 6, ಮಂಗಳವಾರ

39 ಉಳಿಯಿತು. ಗಾಡಿ ನೀರಿನ ಹಾಗೆ ಹೋಯಿತು. ಈ 39 ನೋಡಲಿಕ್ಕೆ ಎರಡು ತಿಂಗಳು ಒದ್ದಾಡಿದೆ, ಇವತ್ತು ನೋಡಿದ ಕೂಡಲೇ ಕೀ ತಿರುಗಿಸಿ ಆರಿಸಿಬಿಟ್ಟೆ.

ಮುನಿಶಾಮಪ್ಪನವರ ಅಂಗಳ. ಅದೇ ರೈತರು. ಟ್ರೇ ಕೊಡುವ ಮೊದಲೇ ಎಲ್ಲರನ್ನೂ ನಿಲ್ಲಿಸಿ ಹೇಳಿದೆ. ಅವತ್ತು ನಮ್ಮಣ್ಣ ಕುಡಿದಿರಲಿಲ್ಲ, ನಾನು ಹಾಕಿಸಿದ ಬ್ಲೀಚಿಂಗಿನಿಂದ ಬ್ರೇಕ್ ಹಿಡಿದಿತ್ತು, ಅವನು ಮೊದಲೇ ಹೇಳಿದ್ದ, ನಾನು ಕೇಳಲಿಲ್ಲ. ಹಳೆಯ ಪಿನ್ನು ತಂದಿದ್ದೆ. ತೋರಿಸಿದೆ.

ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ. ಮುನಿಶಾಮಪ್ಪನವರು ಮೆತ್ತಗೆ, "ಪೋನೀಲೇಮ್ಮ, ಹೋಗ್ಲಿ ಬಿಡು... ಒಡಹುಟ್ಟಿದೋನು, ಮುಚ್ಕೊಳ್ದೆ ಏನ್ ಮಾಡ್ತೀಯ" ಅಂದರು.

ಮುಚ್ಚಿಕೊಳ್ಳುತ್ತಿಲ್ಲ, ನಿಜ ಇದು, ಅಂದೆ.

"ಮೊನ್ನೆ ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ತಗೊಂಡ್ ಹೋಗಿದ್ದೆ. ಮಾರ್ಕೆಟ್ ಗೇಟಲ್ಲಿ ಬಿದ್ದಿದ್ದ ನಿಮ್ಮಣ್ಣ. ನಾನೇ ಎತ್ತಿ ಕೂರ್ಸ್‌ದೆ. ನಮ್ ಕಣ್ಣು ಸುಳ್ಳು ಹೇಳುತ್ತಾ?"

ಟ್ರೇ ಹಂಚಿ ಬಂದೆ.

ಮೇ 17, ಶನಿವಾರ. ಚಿಕ್ಕಬಳ್ಳಾಪುರ

ಬೆಳಿಗ್ಗೆ ರಕ್ತ ವಾಂತಿ. ಅತ್ತಿಗೆ ಫೋನ್ ಮಾಡಿದರು, ಇಷ್ಟು ದಿನದ ಮೇಲೆ. ಗಾಡಿಯಲ್ಲೇ ಮಲಗಿಸಿಕೊಂಡು ಬಂದೆವು. ನಾನೇ ಓಡಿಸಿದೆ. ಐವತ್ತೈದು ಅಲ್ಲ, ತೊಂಬತ್ತು.

ವಾರ್ಡಿಗೆ ಹಾಕಿದ್ದಾರೆ. ಕಣ್ಣು ಅರಿಶಿಣ. ಹೊಸ ಡಾಕ್ಟರು. ಹಳೆಯ ಚೀಟಿ ಓದಿ, ಮಡಿಸಿ, ಅತ್ತಿಗೆಯ ಕೈಗೇ ವಾಪಸ್ ಕೊಟ್ಟರು.

ಮೇ 19, ಸೋಮವಾರ. ಬೆಳಿಗ್ಗೆ 10.30

ಎಚ್ಚರ ಇದೆ ಇವತ್ತು. ಮಾತು ಸ್ಪಷ್ಟ. ಅತ್ತಿಗೆ ಮಾತ್ರೆ ತರಲಿಕ್ಕೆ ಹೋಗಿದ್ದಾಗ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಬಿಡಿಸಿ ಬಿಡಿಸಿ ಕೇಳಿದ, ಡ್ರೈವರ್ ಅಲ್ಲವಾ. ಎರಡೂ ಪಿನ್ನು ಹೋಗಿತ್ತಾ, ಡಿಸ್ಕ್ ಬದಲಾಯಿಸಿದರಾ, ಈಗ ಎಷ್ಟು ಉಳಿಯುತ್ತೆ. 39 ಅಂದೆ. "ನಲವತ್ತು ಬರ್ಬೇಕು. ಬಲಗಡೆದೂ ಬಿಚ್ಚಿ ನೋಡ್ಸು" ಅಂದ.

ಆಮೇಲೆ ನೀರು ಕೇಳಿ ಎರಡು ಗುಟುಕು ಕುಡಿದ.

"ಅವ್ರಿಗೆ ಹೇಳಿದ್ಯಾ? ಅಂಗಳದಲ್ಲಿದ್ದೋರಿಗೆ."

ಹೇಳಿದೆ ಅಂದೆ. ಎಲ್ಲರನ್ನೂ ನಿಲ್ಲಿಸಿ.

"ನಂಬಿದ್ರಾ?"

ನಂಬಿದರು ಅಂದೆ. ಮುನಿಶಾಮಪ್ಪನವರು ಬೇಜಾರು ಮಾಡಿಕೊಂಡರು, ನಿನ್ನನ್ನು ಕರೆದುಕೊಂಡು ಬಾ ಅಂದರು, ಅಂತಲೂ ಸೇರಿಸಿದೆ. ಬಾಯಿಗೆ ಬಂದಿದ್ದೆಲ್ಲ ಹೇಳಿದೆ. ಸುಳ್ಳು ಹೇಳಲಿಕ್ಕೆ ನನಗೆ ಬರಲ್ಲ ಅಂತ ಚಿಕ್ಕಂದಿನಿಂದ ಅವನಿಗೆ ಗೊತ್ತು. ನನ್ನ ಮುಖವನ್ನೇ ನೋಡುತ್ತಿದ್ದ.

"ಸರಿ ಬಿಡು," ಅಂದ. "ಅಷ್ಟ್ ಸಾಕು."

ಗೋಡೆ ಕಡೆ ತಿರುಗಿಕೊಂಡ. ನಂಬಿದನಾ, ನನ್ನ ಸಮಾಧಾನಕ್ಕೆ ಅಂದನಾ ಗೊತ್ತಾಗಲಿಲ್ಲ. ಮಲಗಲಿ ಅಂತ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಎದ್ದ ಮೇಲೆ ನಿಜ ಹೇಳಿಬಿಡೋದು ಒಳ್ಳೆಯದು. ಇಲ್ಲ, ವಾಸಿಯಾಗಲಿ, ಆಮೇಲೆ ಆ ಊರಿಗೆ ಇಬ್ಬರೂ

ಅತ್ತಿಗೆ ವಾರ್ಡಿನ ಬಾಗಿಲಿಗೆ ಬಂದಿದ್ದಾರೆ. ಕೈ ಬೀಸಿ ಕರೆಯುತ್ತಿದ್ದಾರೆ. ಒಳಗೆ ಇಬ್ಬರು ನರ್ಸು ಅಣ್ಣನ ಮಂಚದ ಕಡೆ ಓಡಿದರು. ಕಾಲಲ್ಲಿ ಚಪ್ಪಲಿ ಇಲ್ಲ, ಯಾಕೆ ಹಾಗೆ